ಟೀವಿಗೆ ಬಣ್ಣ ಬಂದ ಸಂಜೆ

ಮನೆಗಳ ನೆತ್ತಿಯ ಮೇಲೆ ಮೀನಿನ ಮೂಳೆಗಳು ಬೆಳೆಯುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಒಂದು ಊರು, ಆ ಊರಿನಲ್ಲಿ ಒಂದು ಬೀದಿ, ಆ ಬೀದಿಗೆಲ್ಲ ಒಂದೇ ಒಂದು ಟೀವಿ. ರಾಜಕುಮಾರಿಯನ್ನು ಏಳು ಸುತ್ತಿನ ಕೋಟೆಯಲ್ಲಿಟ್ಟ ಹಾಗೆ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟಿದ್ದರು. ಪೆಟ್ಟಿಗೆಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಮನೆಯೊಡೆಯನ ಸೊಂಟದಲ್ಲಿ. ಅದೇ ಮನೆಯ ತಾರಸಿಯ ಮೇಲೆ ಒಂದು ಒಂಟಿ ಕೋಣೆ, ಆ ಕೋಣೆಯಲ್ಲಿ ಬಾಡಿಗೆಗೆ ಒಬ್ಬ ಒಂಟಿ ಮನುಷ್ಯ. ಅವನೊಬ್ಬ ಅಲ್ಲಿದ್ದಾನೆ ಅನ್ನುವುದು ಟೀವಿ ಬರುವ ತನಕ ಯಾರಿಗೂ ಅಷ್ಟಾಗಿ ನೆನಪಿರುತ್ತಿರಲಿಲ್ಲ.

ಅವನು ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದ. ಗೋಡೆಗೆ, ಬಾಗಿಲಿಗೆ, ಕಿಟಕಿಗೆ ಜನ ಕೇಳಿದ ಬಣ್ಣ ಕಲಸಿ ಡಬ್ಬಿ ತುಂಬಿಕೊಡುವುದು ಅವನ ಕೆಲಸ. ಊರಿನ ಮನೆಗಳನ್ನೆಲ್ಲ ಹೊರಗಿನಿಂದ ಬಲ್ಲ, ಒಳಗಿನಿಂದ ಒಂದನ್ನೂ ಅರಿಯ. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿದರೆ ಬೆಳಗಾಗುವ ತನಕ ಬಾಯಿಗೆ ಕೆಲಸವಿಲ್ಲ. ಒಮ್ಮೊಮ್ಮೆ ತನ್ನ ದನಿ ಇನ್ನೂ ಇದೆಯೋ ಇಲ್ಲವೋ ನೋಡೋಣವೆಂದು ಸುಮ್ಮನೆ ಕೆಮ್ಮುತ್ತಿದ್ದ.

ಟೀವಿ ಬಂದ ಹೊಸದರಲ್ಲಿ ಒಂದು ದಿನ ಗಾಳಿಗೆ ತಾರಸಿಯ ಮೇಲಿನ ಆ ಮೀನಿನ ಮೂಳೆ, ಅಂದರೆ ಆಂಟೆನಾ, ಓರೆಯಾಯಿತು. ಅವನು ಹೋಗಿ ಹಿಡಿದು ನೆಟ್ಟಗೆ ಮಾಡಿದ್ದೇ ತಡ, ಕೆಳಗೆ ಚಿತ್ರ ಕನ್ನಡಿಯಂತಾಯಿತು. ಕೈ ಬಿಟ್ಟ, ಇರುವೆ ಗೂಡಿಗೆ ನೀರು ಸುರಿದ ಹಾಗಾಯಿತು. ಹಿಡಿದ, ಕನ್ನಡಿ. ಬಿಟ್ಟ, ಇರುವೆ. ಅವತ್ತಿನಿಂದ ಬೀದಿ ಅವನಿಗೆ 'ಆಂಟೆನಾ' ಎಂದೇ ಹೆಸರಿಟ್ಟಿತು. ದಿನಾ ಸಂಜೆ ಬೀದಿಯೆಲ್ಲ ಕೆಳಗೆ ಹಜಾರದಲ್ಲಿ ಒತ್ತೊತ್ತಾಗಿ ಕೂತರೆ, ಅವನೊಬ್ಬ ಮೇಲೆ ಕಂಬ ಹಿಡಿದು ನಿಲ್ಲುತ್ತಿದ್ದ. "ಬಂತಾ?" ಎಂದು ಅವನು ಕೂಗಬೇಕು. "ಬಂತು!" ಎಂದು ಕೆಳಗಿನವರು ಕೂಗಬೇಕು. ಸ್ವಲ್ಪ ಹೊತ್ತಿಗೆ, "ಹೋಯ್ತೂ!" ಆ ಮೂರು ಮಾತುಗಳೇ ಅವನ ಸಂಸಾರ.

ಅದಲ್ಲದೆ ಇನ್ನೊಂದು ದನಿಯೂ ಮೆಟ್ಟಿಲು ಹತ್ತಿ ಬರುತ್ತಿತ್ತು. "ವೀಕ್ಷಕರಿಗೆ ನಮಸ್ಕಾರ" ಎಂದು ಶುರುಮಾಡಿ, ಮುಂದೆ ಏನೇನು ಬರಲಿದೆ ಎಂದು ಹೇಳಿ, ಕೊನೆಗೆ ಮತ್ತೆ "ನಮಸ್ಕಾರ" ಎನ್ನುವ ಹೆಣ್ಣಿನ ದನಿ. ಬೀದಿಯವರು ಅವಳನ್ನು ನಮಸ್ಕಾರದಮ್ಮ ಎನ್ನುತ್ತಿದ್ದರು. ಅವನು ಅವಳ ಮುಖ ಕಂಡವನಲ್ಲ. ಕೈ ಎರಡೂ ಕಂಬಕ್ಕೆ ಅಂಟಿರುವುದರಿಂದ, ಅವಳು ನಮಸ್ಕಾರ ಎಂದಾಗಲೆಲ್ಲ ಆಕಾಶಕ್ಕೆ ತಲೆಬಾಗಿಸಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಟೀವಿಗೆ ಬಣ್ಣ ಬರುವ ವರ್ಷ ಬಂತು. ಇಂಥ ದಿನ ಸಂಜೆಯಿಂದ ಕಾರ್ಯಕ್ರಮವೆಲ್ಲ ಬಣ್ಣದಲ್ಲಿ ಎಂದು ಊರೆಲ್ಲ ಸುದ್ದಿ. ಬಣ್ಣ ಗಾಳಿಯಲ್ಲಿ ಬರುತ್ತದೆ, ಆಂಟೆನಾ ಅದನ್ನು ಹಿಡಿಯುತ್ತದೆ, ಟೀವಿ ತೋರಿಸುತ್ತದೆ. ಇದರಲ್ಲಿ ಬೀದಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇದ್ದ ಅನುಮಾನ ಒಂದೇ: ಇಷ್ಟು ದಿನ ನಮಸ್ಕಾರದಮ್ಮ ಉಟ್ಟಿದ್ದೆಲ್ಲ ಬೂದುಬಣ್ಣವಾಗಿ ಕಾಣುತ್ತಿತ್ತಲ್ಲ, ಅದರ ನಿಜವಾದ ಬಣ್ಣ ಯಾವುದು?

ಆ ದಿನ ಬೆಳಿಗ್ಗೆ ಅವನು ಮೆಟ್ಟಿಲಿಳಿದು ಅಂಗಡಿಗೆ ಹೊರಟಾಗ, ಮೆಟ್ಟಿಲ ಬುಡದ ಕೋಣೆಯಿಂದ ಅಜ್ಜಿ ಕರೆದಳು. ಮನೆಯೊಡೆಯನ ತಾಯಿ. ಕಣ್ಣಿಗೆ ಪೊರೆ ಬಂದು ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಅವಳೂ ಟೀವಿಯನ್ನು ಕೇಳುತ್ತಿದ್ದಳೇ ಹೊರತು ನೋಡಿದವಳಲ್ಲ.

"ಮಗಾ, ಇವತ್ತು ಬಣ್ಣವಂತೆ?"

"ಹೌದಂತೆ ಅಜ್ಜಿ."

"ಆ ಹುಡುಗಿ ಏನು ಬಣ್ಣ ಉಟ್ಟಿದ್ದಾಳೆ ಅಂತ ನೋಡಿ ಬಂದು ನನಗೆ ಹೇಳ್ಬೇಕು. ಇವರನ್ನ ಕೇಳಿದ್ರೆ 'ಚೆನ್ನಾಗಿದೆ ಸುಮ್ನಿರಮ್ಮ' ಅಂತಾರೆ ಅಷ್ಟೆ. ನಿನ್ನ ಕಸುಬೇ ಬಣ್ಣ. ನೀನು ಹೇಳಿದ್ರೆ ನನಗೆ ಕಾಣುತ್ತೆ."

ಇಷ್ಟು ದೊಡ್ಡ ಕೆಲಸವನ್ನು ಅವನಿಗೆ ಯಾರೂ ವಹಿಸಿರಲಿಲ್ಲ. "ಖಂಡಿತ ಹೇಳ್ತೀನಿ ಅಜ್ಜಿ" ಎಂದು ಮಾತು ಕೊಟ್ಟ. ಕೊಟ್ಟ ಮೇಲೆ ಹೊಳೆಯಿತು, ಹಾಗೆ ಹೇಳಬೇಕಾದರೆ ತಾನು ಹಜಾರದಲ್ಲಿ ಕೂತಿರಬೇಕು.

ಮನೆಯೊಡೆಯ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ. "ಯಜಮಾನ್ರೇ, ಇವತ್ತೊಂದು ದಿನ ನಾನೂ ಒಳಗೆ ಕೂತು ನೋಡ್ಲಾ?"

"ಅಯ್ಯೋ, ಯಾರು ಬೇಡ ಅಂದ್ರು? ನಿನಗೆ ಅಂತಲೇ ಒಂದು ಕುರ್ಚಿ ಹಾಕಿಸ್ತೀನಿ." ಒಡೆಯ ನೊರೆ ಉಗುಳಿದ. "ಬಣ್ಣ ಬಂದ ತಕ್ಷಣ ಇಳಿದು ಬಾ."

ಕುರ್ಚಿ! ಅವನು ನೆಲ ಸೋಕದೆ ಅಂಗಡಿಗೆ ಹೋದ. ದಾರಿಯಲ್ಲಿ ದರ್ಜಿಯ ಬಳಿ, ಯಾರೋ ಹೊಲಿಸಿ ಒಯ್ಯದೇ ಬಿಟ್ಟಿದ್ದ ಕಂದು ಕೋಟೊಂದನ್ನು ತನ್ನ ಅಳತೆಗೆ ಸರಿಮಾಡಿಸಿಕೊಂಡ. ಒಬ್ಬಳ ಮುಖವನ್ನು ಮೊದಲ ಸಲ ನೋಡುವಾಗ ಬಣ್ಣ ಮೆತ್ತಿದ ಅಂಗಿಯಲ್ಲಿ ಹೋಗುವುದು ಅವನಿಗೆ ಸರಿಕಾಣಲಿಲ್ಲ.

"ಏನು, ಹೆಣ್ಣು ನೋಡೋಕಾ?" ಎಂದ ದರ್ಜಿ.

"ಟೀವಿ ನೋಡೋಕೆ."

"ಟೀವಿ ನಿನ್ನ ನೋಡಲ್ಲ ಕಣಯ್ಯ! ಇರ್ಲಿ, ಬರೆದಿಟ್ಕೋ, ನಮಸ್ಕಾರದಮ್ಮ ಉಡೋದು ತಿಳಿಗುಲಾಬಿ. ಬೂದು ನೋಡಿದ್ರೆ ಸಾಕು, ನಾನು ಬಟ್ಟೆ ಹೇಳ್ತೀನಿ."

ಅಂಗಡಿಯಲ್ಲಿ ಅವನ ಕೈ ಕಲಸುತ್ತಿದ್ದುದೇ ಒಂದು, ಮನಸ್ಸು ಕಲಸುತ್ತಿದ್ದುದೇ ಇನ್ನೊಂದು. ಗೋದಾಮಿನ ಬಾಗಿಲಿಗೆ ಕಪ್ಪು ಕೇಳಿದವರಿಗೆ ನವಿಲುನೀಲಿ ಹೋಯಿತು. ಆಸ್ಪತ್ರೆಯ ಗೋಡೆಗೆ ಬಿಳಿ ಕೇಳಿದವರಿಗೆ ದಾಳಿಂಬೆ ಕೆಂಪು ಹೋಯಿತು. ಅಂಗಡಿಯವರು ಕೈಮುಗಿದು, "ಇವತ್ತು ನೀನು ಬೇಗ ಮನೆಗೆ ಹೋದರೇ ನಮಗೆ ಲಾಭ ಮಾರಾಯ" ಎಂದು ಕಳಿಸಿಕೊಟ್ಟರು.

ಸಂಜೆ ಕೋಟು ತೊಟ್ಟುಕೊಂಡೇ ಆಂಟೆನಾ ಹಿಡಿದ. ಕೆಳಗೆ ಬೀಗ ತೆರೆದ ಸದ್ದು, ಕುರ್ಚಿ ಎಳೆದ ಸದ್ದು, ಕಾಲು ತುಳಿದಿದ್ದಕ್ಕೆ ಜಗಳದ ಸದ್ದು.

"ಬಂತಾ?"

ಮನೆಯೊಡೆಯನ ಹೆಂಡತಿ ಮೆಟ್ಟಿಲಲ್ಲಿ ನಿಂತು ಮೇಲಿನ ಮಾತು ಕೆಳಗೆ, ಕೆಳಗಿನ ಮಾತು ಮೇಲೆ ದಾಟಿಸುತ್ತಿದ್ದಳು. "ಚಿತ್ರ ಬಂತು! ಬಣ್ಣ ಬಂದಿಲ್ಲ!"

ಸ್ವಲ್ಪ ಬಲಕ್ಕೆ ತಿರುಗಿಸಿದ. "ಈಗ ಅಕ್ಕಾ?"

"ಇಲ್ಲ!"

ನಿವೃತ್ತ ಮೇಷ್ಟ್ರೊಬ್ಬರು ಹಜಾರದಲ್ಲಿ ಮುಂದಿನ ಕುರ್ಚಿ ಹಿಡಿದಿದ್ದರು. ಅವರು ಗೊತ್ತಿಲ್ಲ ಎಂದು ಹೇಳಿದ್ದನ್ನು ಕೇಳಿದವರಿಲ್ಲ. "ಬಣ್ಣ ಅನ್ನೋದು ಭಾರ. ಕಪ್ಪು ಬಿಳುಪು ಹಗುರ, ಮೇಲೆ ತೇಲುತ್ತೆ. ಬಣ್ಣ ತಗ್ಗಿನಲ್ಲಿ ಹೋಗ್ತಾ ಇರುತ್ತೆ. ಅವನಿಗೆ ಆಂಟೆನಾ ಬಗ್ಗಿಸೋಕೆ ಹೇಳಿ" ಎಂದರು.

ಬಣ್ಣದಂಗಡಿಯವನಿಗೆ ಇದು ತಟ್ಟನೆ ಒಪ್ಪಿಗೆಯಾಯಿತು. ಡಬ್ಬಿಯಲ್ಲಿ ಬಣ್ಣ ತಳಕ್ಕಿಳಿಯುವುದನ್ನು ಅವನು ದಿನಾ ನೋಡುವವನಲ್ಲವೇ? ಮೊದಲು ಕಲಕೋಣವೆಂದು ಆಂಟೆನಾವನ್ನು ಗರಗರ ತಿರುಗಿಸಿದ. ಕೆಳಗೆ ಹಾಹಾಕಾರವಾಯಿತು. ಆಮೇಲೆ ಬಗ್ಗಿಸಿದ. ಒಂದು ಕಡ್ಡಿ ಲಟಕ್ಕನೆ ಮುರಿದು ಕೈಗೆ ಬಂತು.

"ಸೂರ್ಯ ಮುಳುಗೋ ಕಡೆ ತಿರುಗಿಸು, ಬಣ್ಣ ಎಲ್ಲಾ ಅಲ್ಲೇ ಇರುತ್ತೆ!" ಎಂದು ದರ್ಜಿ ಹಜಾರದ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಮುರಿದ ಕಡ್ಡಿ ಹಿಡಿದು, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಅವನು ಪಡುವಣಕ್ಕೆ ವಾಲಿದ.

"ಕೆಂಪು!" ಎಂದು ಕೆಳಗೆ ಯಾರೋ ಕಿರುಚಿದರು. "ಕೆಂಪು ಬಂತು! ಕೆಂಪು!"

ಅವನು ಎಲ್ಲ ಬಿಟ್ಟು ಮೆಟ್ಟಿಲು ಹಾರಿ ಬಾಗಿಲಿಗೆ ಬಂದ. ಪರದೆಯ ತುಂಬ ಇರುವೆ. ಬಂದಿದ್ದ ಕೆಂಪು, ಮನೆಯೊಡೆಯನ ಹೆಂಡತಿ ಒಳಗೆ ಬಂದಾಗ ಅವಳ ಕೆಂಪು ಸೆರಗು ಗಾಜಿನಲ್ಲಿ ಮೂಡಿದ್ದು.

"ಯಾಕೆ ಬಂದೆ?" ಬೀದಿ ಒಂದೇ ಗಂಟಲಲ್ಲಿ ಕೇಳಿತು.

"ಬಣ್ಣ ಬಂದ ತಕ್ಷಣ ಬಾ ಅಂದಿದ್ರಲ್ಲ..." ಅವನು ತನ್ನ ಕುರ್ಚಿಗಾಗಿ ಕಣ್ಣಾಡಿಸಿದ. ಒಂದಿತ್ತು. ಅದರ ಮೇಲೆ ಮೇಷ್ಟ್ರು ಕಾಲು ಚಾಚಿದ್ದರು.

"ಬರ್ಲಿಲ್ವಲ್ಲ! ಹತ್ತು, ಹತ್ತು!"

ಮತ್ತೆ ಮೇಲೆ. ಕತ್ತಲೆ ಇಳಿಯುತ್ತಿತ್ತು. ಮೆಟ್ಟಿಲಲ್ಲಿ ನಮಸ್ಕಾರದಮ್ಮನ ದನಿ ಹತ್ತಿ ಬಂತು, ಮುಂದಿನದು ಇವತ್ತಿನ ಕೊನೆಯ ಕಾರ್ಯಕ್ರಮವಂತೆ. ಅದು ಮುಗಿದರೆ ಅವಳು ನಮಸ್ಕಾರ ಹೇಳಿ ಹೊರಟುಬಿಡುತ್ತಾಳೆ. ಬಣ್ಣದ ಮೊದಲ ದಿನ ಮತ್ತೆ ಬರುವುದಿಲ್ಲ. ಅಜ್ಜಿಗೆ ಏನು ಹೇಳುವುದು?

ಅವನ ಕಣ್ಣು ನೀರಿನ ಬಕೆಟ್ಟಿನ ಮೇಲೆ ಬಿತ್ತು. ಆಂಟೆನಾಕ್ಕೆ ಬೇಕಾದ್ದು ತಾನಲ್ಲ, ತನ್ನಷ್ಟು ತೂಕದ, ಬೆವರಿದ ತನ್ನಷ್ಟೇ ಒದ್ದೆಯಾದ ಯಾವುದೋ ಒಂದು ಇರಬಹುದೇ? ಕೋಣೆಯಲ್ಲಿದ್ದ ಹಳೆ ಅಂಗಿ, ಹೊದಿಕೆ, ಬಣ್ಣ ಒರೆಸುವ ಅರಿವೆಗಳನ್ನೆಲ್ಲ ತಂದ. ಒಂದು ಗಳಿಗೆ ಕೋಟನ್ನು ನೋಡಿದ. ಬಿಚ್ಚಿದ. ಅರಿವೆಗಳನ್ನು ನೀರಲ್ಲದ್ದಿ ಕೋಟಿನೊಳಗೆ ತುರುಕಿ, ಗುಂಡಿ ಹಾಕಿ, ತೋಳುಗಳನ್ನು ಕಂಬಕ್ಕೆ ಸುತ್ತಿ ಬಿಗಿದ. ಕೈ ಬಿಟ್ಟ. ಮೆಟ್ಟಿಲ ಕಡೆ ಬಗ್ಗಿ ಕೂಗಿದ.

"ಬಂತಾ?"

"ಬಂತು! ಅಬ್ಬಾ, ಕನ್ನಡಿ! ಹಾಗೇ ಇರು, ಅಲ್ಲಾಡ್ಬೇಡ!"

ಅವನು ಅಲ್ಲಾಡಿದ. ಒಡೆಯನ ಹೆಂಡತಿ ಒಳಗೆ ಹೋದ ಮೇಲೆ ತುದಿಗಾಲಲ್ಲಿ ಇಳಿದು ಬಂದು ಹಜಾರದ ಕತ್ತಲಲ್ಲಿ, ಎಲ್ಲರ ಬೆನ್ನ ಹಿಂದೆ, ಚಪ್ಪಲಿಗಳ ನಡುವೆ ಕೂತುಕೊಂಡ. ಯಾರೂ ತಿರುಗಿ ನೋಡಲಿಲ್ಲ. ನಾಟಕವೊಂದು ನಡೆಯುತ್ತಿತ್ತು, ಕಪ್ಪು ಬಿಳುಪಿನಲ್ಲೇ.

"ಇನ್ನೂ ಸ್ವಲ್ಪ ಎಡಕ್ಕೆ!" ಎಂದು ಒಡೆಯ ಛಾವಣಿಗೆ ಕೂಗಿದ. ಗಾಳಿಗೆ ಕೋಟು ತೂಗಿರಬೇಕು, ಚಿತ್ರ ಇನ್ನಷ್ಟು ಚೊಕ್ಕವಾಯಿತು.

"ನೋಡಿ, ಇವತ್ತು ಎಷ್ಟು ಚೆನ್ನಾಗಿ ಹಿಡ್ಕೊಂಡಿದ್ದಾನೆ. 'ಬಂತಾ ಬಂತಾ' ಅಂತ ತಲೆ ತಿನ್ತಾ ಇಲ್ಲ" ಎಂದಳು ಒಡೆಯನ ಹೆಂಡತಿ.

"ಕೊನೆಗೂ ಬುದ್ಧಿ ಬಂತು ಪಾಪ" ಎಂದ ದರ್ಜಿ.

ಚಪ್ಪಲಿಗಳ ನಡುವೆ ಅವನಿಗೆ ಹೆಮ್ಮೆಯಾಯಿತು. ಆಮೇಲೆ, ಆ ಹೊಗಳಿಕೆ ಯಾರಿಗೆ ಎಂದು ನೆನಪಾಗಿ ಚಳಿಯಾಯಿತು.

ನಾಟಕ ಮುಗಿಯುವ ಹೊತ್ತಿಗೆ ಮೇಷ್ಟ್ರು ಕುರ್ಚಿಯಿಂದ ನೆಗೆದರು. "ಹೊಳೀತು! ಒಬ್ಬ ಹಿಡಿದ್ರೆ ಕಪ್ಪು ಬಿಳುಪು. ಬಣ್ಣ ಅಷ್ಟೊಂದು ಇರೋವಾಗ ಒಬ್ಬನ ಕೈಲಿ ಆಗುತ್ತೇನ್ರೀ? ಎಲ್ಲರೂ ಹಿಡೀಬೇಕು. ಏಳಿ, ಏಳಿ!"

ಬೀದಿ ಎದ್ದಿತು. ಅವನ ಕಾಲು ತುಳಿದು, ತಲೆ ದಾಟಿ, ಮೆಟ್ಟಿಲ ಮೇಲೆ ದಡದಡ ಓಡಿತು. ಹಜಾರ ಖಾಲಿಯಾಯಿತು. ಕುರ್ಚಿಗಳೆಲ್ಲ ಖಾಲಿ. ಅವನು ಅಳುಕುತ್ತಾ ಹೋಗಿ ಮುಂದಿನ ಒಂದರಲ್ಲಿ ಕೂತ.

ಮೇಲೆ ಅಷ್ಟೂ ಕೈಗಳು ಕಂಬಕ್ಕೆ ಬಿದ್ದವೋ ಏನೋ, ಪರದೆ ಒಮ್ಮೆ ನಡುಗಿ ತಿಳಿಯಾಯಿತು. ತಿಳಿಯಲ್ಲಿ ಅವಳು ಬಂದಳು.

ಅವನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ದಣಿದ ಮುಖ. ಒಂದು ಕಿವಿಯ ಓಲೆ ಓರೆಯಾಗಿತ್ತು. ಇಡೀ ಊರಿನಲ್ಲಿ ಅವನೊಬ್ಬನನ್ನೇ ಹುಡುಕುತ್ತಿದ್ದವಳ ಹಾಗೆ ನೇರವಾಗಿ ನೋಡಿ ಹೇಳಿದಳು: "ಬಣ್ಣದ ಟೀವಿ ಇರುವವರು ಇಂದಿನ ಕಾರ್ಯಕ್ರಮಗಳನ್ನು ಬಣ್ಣದಲ್ಲಿ ನೋಡಿದ್ದೀರಿ. ಹಳೆಯ ಟೀವಿಗಳಲ್ಲಿ ಎಂದಿನಂತೆ ಕಪ್ಪು ಬಿಳುಪಿನಲ್ಲೇ ಕಾಣುತ್ತದೆ. ದಯವಿಟ್ಟು ಯಾರೂ ಆಂಟೆನಾ ತಿರುಗಿಸಬೇಡಿ. ನಮಸ್ಕಾರ."

ಅವನ ಎರಡೂ ಕೈಗಳು ಬಿಡುವಾಗಿದ್ದವು. ಮೊದಲ ಸಲ ಕೈಜೋಡಿಸಿ, "ನಮಸ್ಕಾರ" ಎಂದ. ಅವಳು ಇನ್ನೊಂದು ಗಳಿಗೆ ನಗುತ್ತಲೇ ಇದ್ದು ಮಾಯವಾದಳು.

"ಬಂತಾ?" ತಾರಸಿಯ ಮೇಲಿಂದ ಇಡೀ ಬೀದಿ ಕೂಗಿತು. "ಕೆಳಗೆ ಯಾರಿದ್ದೀರಿ? ಬಂತಾ?"

ಅವನು ಗಂಟಲು ಸರಿಮಾಡಿಕೊಂಡ. "ಹೋಯ್ತು" ಎಂದ.

ಬೀದಿ ಇಳಿದು ಬಂದಾಗ ಮುಂದೆ ಒಡೆಯ. ಬೈಗುಳ ಬರುತ್ತದೆಂದು ಅವನು ತಲೆ ತಗ್ಗಿಸಿ ನಿಂತ. ಆದರೆ ಒಡೆಯನ ಮುಖ ಅರಳಿತ್ತು. "ಭಲೇ ಕೋಟು ಕಣಯ್ಯ! ಅದಕ್ಕೆ ಕೈ ನೋವಿಲ್ಲ, ಕಾಲು ನೋವಿಲ್ಲ, ಕುರ್ಚಿ ಬೇಕು ಅನ್ನಲ್ಲ. ಇನ್ನು ದಿನಾ ಅದೇ ಹಿಡೀಲಿ. ನಾಳೆ ಬಣ್ಣ ಬಂದೇ ಬರುತ್ತೆ!"

"ಯಜಮಾನ್ರೇ, ಬಣ್ಣ ಈ ಟೀವೀಲಿ..."

"ಗೊತ್ತು, ಗೊತ್ತು, ಗಾಳಿ ಸರಿ ಇರ್ಲಿಲ್ಲ" ಎಂದರು ಮೇಷ್ಟ್ರು.

ಅವನು ಆ ಮಾತು ಬಿಟ್ಟು ಇನ್ನೊಂದು ಹಿಡಿದ. "ಹಾಗಾದ್ರೆ ನಾಳೆಯಿಂದ ನಾನು ಇಲ್ಲಿ ಕೂತ್ಕೋಬಹುದಾ?"

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲಯ್ಯ, ಅದು ಒಣಗಿಬಿಟ್ರೆ?" ಎಂದ ಒಡೆಯ. "ಆಗಾಗ ನೀರು ಹಾಕ್ತಾ ಅದರ ಪಕ್ಕದಲ್ಲಿ ಒಬ್ರು ಇರ್ಲೇಬೇಕಲ್ಲ?"

ಹೀಗೆ ಅವನು ತನ್ನದೇ ಕೋಟಿನ ಕೈಕೆಳಗೆ ಕೆಲಸಕ್ಕೆ ಸೇರಿದ.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಪೆಟ್ಟಿಗೆಗೆ ಬೀಗ ಬಿತ್ತು. ಅಂಗಿಯಲ್ಲಿ ನಡುಗುತ್ತಾ ಅವನು ಮೆಟ್ಟಿಲ ಬುಡಕ್ಕೆ ಬಂದ.

"ಮಗಾ, ನೀನೇನಾ? ನೋಡಿದ್ಯಾ?"

"ನೋಡಿದೆ ಅಜ್ಜಿ."

"ಏನು ಬಣ್ಣ?"

ಆ ಬೂದುಬಣ್ಣವನ್ನು ನೆನೆದ. ಅದರೊಳಗೆ ಯಾವ ಬಣ್ಣ ಬೇಕಾದರೂ ಇರಬಹುದಿತ್ತು. "ಹಳದಿ" ಎಂದ.

ಅಜ್ಜಿ ಕತ್ತಲಲ್ಲಿ ಕಿಸಕ್ಕನೆ ನಕ್ಕಳು. "ನನಗೆ ಹೋಗಿರೋದು ಕಣ್ಣು, ಕಿವಿಯಲ್ಲ. ಹಳೇ ಟೀವೀಲಿ ಬಣ್ಣ ಬರಲ್ಲ ಅಂತ ಅವಳು ಶುರುವಲ್ಲೂ ಹೇಳಿದ್ಲು, ಕೊನೇಲೂ ಹೇಳಿದ್ಲು. ಇವರ ಗಲಾಟೇಲಿ ಯಾರಿಗೆ ಕೇಳ್ಬೇಕು?"

ಅವನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೆಲ್ಲಗೆ ಮೆಟ್ಟಿಲ ಕಡೆ ತಿರುಗಿದ.

"ಎಲ್ಲಿಗೆ ಹೊರಟೆ? ಮಾತು ಕೊಟ್ಟಿದ್ದೀಯ. ಬಾ, ಕೂತ್ಕೋ." ಅಜ್ಜಿ ಸರಿದು ಮಂಚದ ಮೇಲೆ ಜಾಗ ಮಾಡಿದಳು. "ಯಾವ ಹಳದಿ?"

ಅವನು ಕೂತ. ಆ ಮನೆಯೊಳಗೆ ಅವನನ್ನು ಕೂತ್ಕೋ ಎಂದದ್ದು ಅದೇ ಮೊದಲು.

"ನಿಂಬೆಹಣ್ಣಿನ ಹಳದಿ ಅಲ್ಲ ಅಜ್ಜಿ, ಅದು ಕಣ್ಣಿಗೆ ಹೊಡೆಯುತ್ತೆ. ಬೆಳಿಗ್ಗೆ ಮೊದಲ ಬಿಸಿಲು ಸುಣ್ಣದ ಗೋಡೆ ಮೇಲೆ ಬೀಳುತ್ತಲ್ಲ, ಅದು. ಬಿಳಿ ಜಾಸ್ತಿ, ಅದಕ್ಕೆ ಹಳದಿ ಒಂದೇ ಚಮಚ, ಕೆಂಪು ಸುಮ್ನೆ ಕಡ್ಡಿ ತುದೀಲಿ ಮುಟ್ಟಿಸಿದಷ್ಟು."

"ಅಂಚು?"

"ಅಂಚಿಗೆ ಹಸಿರು. ಚಿಗುರಿನದಲ್ಲ, ಬಲಿತ ಎಲೆಯದು. ಮಳೆ ನಿಂತ ಮೇಲೆ ಇರುತ್ತಲ್ಲ ಆ ಥರ."

ಅಜ್ಜಿ ಪೊರೆಗಣ್ಣುಗಳನ್ನು ಮುಚ್ಚಿಕೊಂಡಳು.

"ಬಂತಾ ಅಜ್ಜಿ?" ಎಂದು ಅವನು ಮೆಲ್ಲಗೆ ಕೇಳಿದ.

"ತಡಿ" ಎಂದಳು. ಆಮೇಲೆ, "ಹಾಂ. ಬಂತು."