ದೊಡ್ಡವ್ವನ ನೆಲದ ಹಟ

ನಮ್ಮ ದೊಡ್ಡವ್ವನಿಗೂ ಕುರ್ಚಿಗೂ ಹುಟ್ಟಾ ವೈರ! ಹಾಗಂತ ಹೇಳಿ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಎಲ್ಲರನ್ನೂ ನಗಿಸಿದ್ದೇನೆ. ಸೋಫಾ ಇರಲಿ, ಪ್ಲಾಸ್ಟಿಕ್ ಕುರ್ಚಿ ಇರಲಿ, ಅದನ್ನು ಮೆಲ್ಲಗೆ ಆಚೆ ಸರಿಸಿ ನೆಲದ ಮೇಲೆ ಕೂತುಬಿಡುವವಳು. "ಮ್ಯಾಲ ಕೂಡಬೇ" ಅಂದರೆ ಒಂದೇ ಉತ್ತರ: "ಇಲ್ಲೇ ಛಲೋ ಅದ ಬಿಡು."

ತಾಯಿಯಿಲ್ಲದ ನನ್ನನ್ನೂ ತಮ್ಮನನ್ನೂ ದೇವದುರ್ಗದ ಕಡೆಯ ಹಳ್ಳಿಯಲ್ಲಿ ಕೂಲಿ ಮಾಡಿ ಓದಿಸಿದವಳು ಇವಳೇ. ಮಾಸ್ತರಿಕೆ ಸಿಕ್ಕ ಮೇಲೆ ರಾಯಚೂರಿಗೆ ಕರೆತಂದೆ. ಊರು ಬದಲಾಯಿತು, ಹಟ ಬದಲಾಗಲಿಲ್ಲ.

ಕಣ್ಣಿನ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ, ಚಪ್ಪಲಿ ಬಿಡುವ ಕಡೆ ಕೂತಳು. ನಾನು ಚೀಟಿ ಮಾಡಿಸಿ ಬರುವಷ್ಟರಲ್ಲಿ ಆರು ಜನ ಅವಳಿಗೆ ಚಪ್ಪಲಿ ಒಪ್ಪಿಸಿ ಒಳಗೆ ಹೋಗಿದ್ದರು. ಡಾಕ್ಟರು ಕರೆದರೆ ಏಳಲೊಲ್ಲಳು. "ನಂಬಿ ಬಿಟ್ಟು ಹೋಗ್ಯಾರ, ಹೆಂಗ ಬರ್ಲಿ?" ಅವಳು ಕಣ್ಣು ತೋರಿಸಿಕೊಂಡು ಬರುವವರೆಗೆ ಅಲ್ಲಿ ಕೂತು ಕಾದವರು ಯಾರು? ಈ ಮಾಸ್ತರ!

ಮಾನ್ವಿಯಲ್ಲಿ ತಮ್ಮನ ಮದುವೆಯಾದಾಗಲೂ ಅಷ್ಟೆ. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಸಾಲು ಬಿಟ್ಟು ಕಂಬಕ್ಕೆ ಒರಗಿ ನೆಲ ಹಿಡಿದಳು. ಹೆಣ್ಣಿನವರಲ್ಲಿ ಗುಸುಗುಸು ಎದ್ದಿತು: ಗಂಡಿನ ಕಡೆಯ ಹಿರಿಯಳು ಮುನಿದಿದ್ದಾಳೆ, ಯಾವುದೋ ಮರ್ಯಾದೆಗೆ ಕೊರತೆಯಾಗಿದೆ! ಮೂವರು ಹಿರಿಯರು ಬಂದು "ತಪ್ಪಾಗೇದ್ರಿ, ಹೊಟ್ಯಾಗ ಹಾಕ್ಕೋರಿ" ಎಂದು ಕೈಮುಗಿದು, ಒಂದು ಇಳಕಲ್ ಸೀರೆಯನ್ನೂ ಕೈಗಿಟ್ಟರು. ದೊಡ್ಡವ್ವ ಸೆರಗು ಬಿಚ್ಚಿ ನೋಡಿ, "ಬಣ್ಣ ಛಲೋ ಅದ" ಎಂದು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.

ಹೀಗಿರಲು ನಮ್ಮ ಬಡಾವಣೆಯ ಖಾಲಿ ಜಾಗಕ್ಕೆ ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಬಂದರು. ಮುದುಕರಿಗೆ ಅನುಕೂಲವಾಗುವ ಪಾರ್ಕು ಹೇಗಿರಬೇಕೆಂದು ಮುದುಕರನ್ನೇ ಕೇಳಿ ನಕ್ಷೆ ಮಾಡುವುದು ಅವರ ಪಾಠವಂತೆ. ಎಲ್ಲರ ಕೈಗೂ ಸುಣ್ಣದ ಪುಡಿ ಕೊಟ್ಟು, "ನೀವು ಎಲ್ಲಿ ಕೂಡ್ತೀರಿ, ಅಲ್ಲಿ ಗೆರಿ ಹಾಕ್ರಿ" ಅಂದರು. ನಿವೃತ್ತ ಗುಮಾಸ್ತರೊಬ್ಬರು ತಮ್ಮ ಸೊಸೆಗೆ ಕಾಣದ ಮೂಲೆಯನ್ನು ಆರಿಸಿಕೊಂಡರು. ದೊಡ್ಡವ್ವ ಗೇಟಿನ ಬಳಿ, ಸುಣ್ಣದ ಗೆರೆ ಕೆಡದಿರಲೆಂದು ಎಲ್ಲರೂ ಚಪ್ಪಲಿ ಬಿಟ್ಟಿದ್ದ ಕಡೆ ಒಂದು ಪುಟ್ಟ ಸುತ್ತು ಹಾಕಿದಳು. ನಾನಂತೂ ನಕ್ಕೆ.

ತಿಂಗಳ ನಂತರ ಅವರು ರಟ್ಟಿನ ಮಾದರಿ ಹೊತ್ತು ಬಂದರು. ಎಲ್ಲರಿಗೂ ಬೆಂಚು. ಗೇಟಿನ ಬಳಿ, ಬೇವಿನ ನೆರಳಲ್ಲಿ, ನುಣುಪಾದ ಕಲ್ಲಿನ ನೆಲ. ಅವರಲ್ಲಿ ಶಕ್ತಿನಗರದ ಹುಡುಗಿಯೊಬ್ಬಳು ಸಂಭ್ರಮದಿಂದ ತೋರಿಸಿದಳು: "ಅವ್ವಾರ, ಇದು ನಿಮ್ಮ ಸಲುವಾಗೇ ಮಾಡೀವ್ರಿ."

ದೊಡ್ಡವ್ವ ಆ ರಟ್ಟಿನ ನೆಲವನ್ನು ಬೆರಳಿಂದ ಸವರಿದಳು. "ಇಲ್ಲಿಂದ ನನ್ನ ಎಬ್ಬಸೋರು ಯಾರವ್ವಾ?"

"ಮತ್ತ ನೀವೇ ಗೆರಿ ಹಾಕಿದ್ರಲ್ರೀ?"

"ಎಲ್ಲಿ ಕೂಡ್ತೀರಿ ಅಂದಿ, ತೋರಿಸಿದೆ. ಎಲ್ಲಿ ಕೂಡಾಕ ಮನಸ್ಸದ ಅಂತ ಕೇಳಲಿಲ್ಲಲ್ಲ ನೀನು."

ಹುಡುಗಿ ಅವಳ ಎದುರಿಗೇ ನೆಲದ ಮೇಲೆ ಕೂತಳು. "ಈಗ ಕೇಳಾಕತ್ತೀನಿ, ಹೇಳ್ರಿ."

"ಊರಾಗ ದೊಡ್ಡೋರ ಮನಿ ಕಟ್ಟಿ ಮ್ಯಾಲ ನಮ್ಮಂಥೋರು ಕೂಡಂಗಿರಲಿಲ್ಲ. ಸಣ್ಣಾಕಿ ಇದ್ದಾಗ ತಿಳೀದ ಕುಂತೆ. ನಮ್ಮವ್ವ ರಟ್ಟಿ ಹಿಡದು ಇಳಿಸಿ, ಎಲ್ಲಾರ ಮುಂದ ಹೊಡದ್ಲು. ಅಕಿ ಹೊಡೀದಿದ್ರ ಬ್ಯಾರೇದೋರು ಹೊಡೀತಿದ್ರು. ಆವತ್ತಿನಿಂದ ಮೈಗೆ ನೆಲಾನೇ ರೂಢಿ. ಈಗ ಮೊಣಕಾಲು ಮಾತು ಕೇಳಂಗಿಲ್ಲ. ಎಬ್ಬಸಾಕ ಯಾರನ್ನರ ಕರೀಬೇಕಲ್ಲಾ ಅಂತ ಮನ್ಯಾಗ ನೀರು ಸೈತ ಕಮ್ಮಿ ಕುಡೀತೀನಿ."

ನನ್ನ ಮನೆಯಲ್ಲಿ! ನಾನು ದಿನವೂ ಪಾಠ ಹೇಳಿ ಬಂದು ಕಾಲು ಚಾಚುವ ಮನೆಯಲ್ಲಿ. ಊರಿನ ಕಟ್ಟೆಯ ಸಂಗತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಊರಲ್ಲೇ ಉಳಿಯಿತು ಅಂದುಕೊಂಡಿದ್ದೆ. ಅವಳ ಅಂಜಿಕೆಯನ್ನು ಹಟವೆಂದು ಹೆಸರಿಟ್ಟು, ಚಹಾದ ಜೊತೆ ಹಂಚಿ ನಗಿಸಿದ್ದೆ. ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ನಾನು "ಮೇಲೆ ಕೂಡು" ಅಂದಿದ್ದೇನೆಯೇ ಹೊರತು, ಯಾಕೆ ಕೂಡುವುದಿಲ್ಲ ಎಂದು ಒಮ್ಮೆಯೂ ಕೇಳಿದವನಲ್ಲ.

ಮರುದಿನ ಹುಡುಗರು ಬೇರೆ ಬೇರೆ ಎತ್ತರದ ಮೂರು ಕಟ್ಟಿಗೆಯ ಪೀಠಗಳನ್ನು ತಂದು, ಈ ಸಲ ಅವಳೇ ಮನಸ್ಸಿನಿಂದ ಆರಿಸಿದ ಕಡೆ, ಆ ಖಾಲಿ ಜಾಗದ ನಟ್ಟನಡುವೆ ಇಟ್ಟರು. ಮೊದಲನೆಯದು ತಗ್ಗಾಯಿತು. ಎರಡನೆಯದರಲ್ಲಿ ಕಾಲು ತೂಗಾಡಿದವು. ಮೂರನೆಯದರಲ್ಲಿ ಪಾದ ನೆಲಕ್ಕೆ ಊರಿದವು. ಬದಿಯ ಹಿಡಿಕೆ ಒತ್ತಿ, ಯಾರ ಕೈಯನ್ನೂ ಹಿಡಿಯದೆ ಎದ್ದಳು. ಮತ್ತೆ ಕೂತಳು. ಮತ್ತೆ ಎದ್ದಳು. ಗುಮಾಸ್ತರು "ಸಾಕು ಬಿಡಬೇ, ಪೀಠ ಸವದೀತು" ಅಂದರೂ ಕೇಳಲಿಲ್ಲ.

ಆಮೇಲೆ ಸರಿದು ಜಾಗ ಮಾಡಿ ನನ್ನನ್ನು ಕರೆದಳು. ಕೂತೆ. ಅವಳ ಭುಜ ನನ್ನ ಭುಜಕ್ಕೆ ತಾಗಿತು. ನಲವತ್ತು ವರ್ಷ ನನ್ನನ್ನು ಸಾಕಿದವಳ ಪಕ್ಕದಲ್ಲಿ, ನೆಲ ಬಿಟ್ಟು ಒಂದೇ ಎತ್ತರದಲ್ಲಿ, ನಾನು ಕೂತದ್ದು ಅದೇ ಮೊದಲು. ಕಣ್ಣೀರು ತಡೆಯಲಾಗಲಿಲ್ಲ.

ದೊಡ್ಡವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಆಚೆ ನಿಂತಿದ್ದ ಹುಡುಗಿಯತ್ತ ಕಣ್ಣು ಮಾಡಿ ಪಿಸುಗುಟ್ಟಿದಳು: "ಅಳಬ್ಯಾಡೋ ತಮ್ಮಾ. ಪೀಠ ಛಲೋ ಆಗಿಲ್ಲಂತ ತಿಳಕೊಂಡಾಳು, ಪಾಪ."