ಎಂಟು ಸಾವಿರದ ಎಂಬತ್ತನೇ ಮಳಿಗೆ

ಸರಕು ಹೊತ್ತ ಯಾವುದೇ ಲಾರಿಯು ಸರ್ವರ್ ಯಂತ್ರವು ಮುದ್ರಿಸಿಕೊಡುವ ನಿರ್ಗಮನ ಚೀಟಿಯಿಲ್ಲದೆ ಮಾರುಕಟ್ಟೆಯ ಗೇಟು ದಾಟತಕ್ಕದ್ದಲ್ಲ ಎಂದು ನಮ್ಮ ಸಗಟು ವರ್ತಕರ ಸಂಘವು ಸರ್ವಾನುಮತದಿಂದ ನಿರ್ಣಯಿಸಿತು. ಕೈಬರಹದ ಚೀಟಿಗಳನ್ನು ಅಂದೇ ರದ್ದುಪಡಿಸಲಾಯಿತು. ಸರ್ವರ್ ಇನ್ನೂ ಬಂದಿರಲಿಲ್ಲ. ಆದರೆ ಹೊಸ ಮಾಲು ಬರುವ ಮುಂಚೆ ಹಳೆಯದನ್ನು ಎತ್ತಿಸಬೇಕು ಎಂಬುದು ಗೋದಾಮು ನಡೆಸಿದವರಿಗೆಲ್ಲ ಗೊತ್ತಿರುವ ಮಾತು.

ಯಂತ್ರ ಬಂದ ಬೆಳಿಗ್ಗೆ ಗೇಟಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದದ್ದು ನನ್ನ ಲಾರಿ. ಅದರ ತುಂಬ ಟೊಮೇಟೊ, ಅದೂ ಗದರಿಸಿದರೆ ಒಡೆಯುವಷ್ಟು ಹಣ್ಣಾದದ್ದು. ಸಂಜೆಯೊಳಗೆ ಸಾಸ್ ಕಾರ್ಖಾನೆ ತಲುಪಿದರೆ ವರ್ಷದ ಗುತ್ತಿಗೆ ನನ್ನದು. ತಲುಪದಿದ್ದರೆ ನನ್ನ ಹಿಂದೆಯೇ ಟೊಮೇಟೊ ಲಾರಿ ನಿಲ್ಲಿಸಿದ್ದ ಎದುರು ಸಾಲಿನವನದು.

ಸರ್ವರ್ ಯಂತ್ರವನ್ನು ಅಧ್ಯಕ್ಷರ ಕೋಣೆಯಲ್ಲಿ ಸ್ಥಾಪಿಸಲಾಯಿತು. ಯಂತ್ರಕ್ಕೆ ಎ.ಸಿ. ಬೇಕೆಂದು ಕಂಪನಿ ಬರೆದಿತ್ತು, ಅಧ್ಯಕ್ಷರಿಗೂ ಬಹಳ ದಿನದಿಂದ ಬೇಕಾಗಿತ್ತು. ಕಂಪನಿಯ ಇಂಜಿನಿಯರಮ್ಮ ಮೊದಲು ಜಾವಾ ಎಂಬ ತಂತ್ರಾಂಶ ಹಾಕಿದರು, ಅದರ ಮೇಲೆ ಚೀಟಿ ಮುದ್ರಿಸುವ ಪ್ರೋಗ್ರಾಂ ಕೂರಿಸಿದರು, ಶುರು ಮಾಡಿದರು. ಅದು ಶುರುವಾಗಲಿಲ್ಲ. ಪರದೆಯ ತುಂಬ ಕೆಂಪು ಅಕ್ಷರಗಳು ಸುರಿದವು.

“ಏನಮ್ಮಾ, ಏನಂತೆ ಅದಕ್ಕೆ?” ಎಂದು ಅಧ್ಯಕ್ಷರು ಕೇಳಿದರು.

“ಇದಕ್ಕೆ ಕೂರೋಕೆ ಒಂದು ನಂಬರ್ ಬೇಕು ಸರ್. ನಿಮ್ಮ ಮಳಿಗೆ ನಂಬರ್ ಇದ್ದ ಹಾಗೆ ಅಂದ್ಕೊಳ್ಳಿ. ನಾನು 8080 ಕೊಟ್ಟಿದ್ದೆ, ಅಲ್ಲಿ ಆಗಲೇ ಒಂದು ಪ್ರೋಗ್ರಾಂ ಕೂತಿದೆ. ಬೆಳಿಗ್ಗೆ ಪರೀಕ್ಷೆ ಮಾಡೋಕೆ ನಾನೇ ಶುರು ಮಾಡಿ ನಿಲ್ಲಿಸೋದು ಮರೆತಿದ್ದು. ಒಂದು ನಿಮಿಷ, ಎಬ್ಬಿಸಿಬಿಡ್ತೀನಿ.”

ಕೋಣೆ ತಣ್ಣಗಾಯಿತು, ಎ.ಸಿ.ಯಿಂದಲ್ಲ. ಎಬ್ಬಿಸುವ ಮಾತನ್ನು ನಮ್ಮ ಮಾರುಕಟ್ಟೆಯಲ್ಲಿ ಯಾರೂ ಅಷ್ಟು ಸಲೀಸಾಗಿ ಆಡುವುದಿಲ್ಲ. ಮಳಿಗೆಯಲ್ಲಿ ಮೊದಲು ಗೋಣಿಚೀಲ ಹಾಸಿದವನು ತಾನಾಗಿ ಮಡಚುವ ತನಕ ಅದು ಅವನದೇ ಎಂಬುದು ತಾತಂದಿರ ಕಾಲದ ಪದ್ಧತಿ. ಈ ಪದ್ಧತಿಯ ದಯೆಯಿಂದಲೇ ಅರ್ಧ ಮಾರುಕಟ್ಟೆ ಬಾಡಿಗೆಯಿಲ್ಲದೆ ಕೂತಿದೆ. ಇವತ್ತು ಪ್ರೋಗ್ರಾಮನ್ನು ಎಬ್ಬಿಸಿದರೆ ನಾಳೆ ನಮ್ಮ ಬುಡಕ್ಕೇ ಬಂದೀತು. ಬೈಲಾ ಬಾಯಿಪಾಠವಿದ್ದ ಕಾರ್ಯದರ್ಶಿಗಳು ಕೂಡಲೇ ಒಂದು ನೋಟೀಸು ಬರೆದು ಯಂತ್ರದ ಪಕ್ಕೆಗೆ ಅಂಟಿಸಿದರು:

“ಮಳಿಗೆ ಸಂಖ್ಯೆ 8080ರ ಹಾಲಿ ಅನುಭೋಗದಾರರಿಗೆ. ತಾವು ಯಾವ ಹಕ್ಕಿನ ಮೇರೆಗೆ ಕುಳಿತಿದ್ದೀರೆಂಬುದನ್ನು ಲಿಖಿತವಾಗಿ ತಿಳಿಸತಕ್ಕದ್ದು. ಅಲ್ಲಿಯವರೆಗೆ ಕುಳಿತೇ ಇರತಕ್ಕದ್ದು.”

ಅನುಭೋಗದಾರಳು ತಾನೇ ಎಂದು ಇಂಜಿನಿಯರಮ್ಮ ಹೇಳಿ ನೋಡಿದರು. ಹಾಗಾದರೆ ನೀವು ಎದುರು ಪಾರ್ಟಿ, ಸಭೆಯಲ್ಲಿ ಮಾತಾಡುವಂತಿಲ್ಲ ಎಂದು ಕಾರ್ಯದರ್ಶಿಗಳು ಕೈಮುಗಿದರು.

ನನಗೆ ಹೊರಗಿನ ಟೊಮೇಟೊ ನೆನಪಾಗುತ್ತಿತ್ತು. ಪಕ್ಕದ ನಂಬರಿನಲ್ಲಿ ಕೂರಿಸಿದರಾಗದೇ ಎಂದು ಕೇಳಿದೆ.

“ಧಾರಾಳವಾಗಿ,” ಎಂದರು ಇಂಜಿನಿಯರಮ್ಮ. “8081 ಖಾಲಿ ಇದೆ. ಒಟ್ಟು ಅರವತ್ತೈದು ಸಾವಿರದ ಚಿಲ್ಲರೆ ನಂಬರ್ ಇವೆ, ಹೆಚ್ಚುಕಮ್ಮಿ ಎಲ್ಲಾ ಖಾಲಿನೇ.”

ಹಲ್ಲಿಗೆ ಕಡ್ಡಿ ಹಾಕುತ್ತಿದ್ದ ಕಾಳಿನ ವ್ಯಾಪಾರಿ ಕಡ್ಡಿ ತೆಗೆದ. “ಖಾಲಿ ಅಂದ್ರೆ... ಈ ಪೆಟ್ಟಿಗೆ ಒಳಗೆ? ಬಾಡಿಗೆ?”

“ಬಾಡಿಗೆ ಎಂಥದು ಸರ್, ಅದು ಬರೀ ನಂಬರ್ರು.”

ಅಷ್ಟು ಸಾಕಾಯಿತು. ಇರುವ ಮಳಿಗೆಗಳಿಗೇ ಅಣ್ಣತಮ್ಮಂದಿರು ಮುಖ ನೋಡದೆ ಬದುಕುವ ಮಾರುಕಟ್ಟೆ ನಮ್ಮದು. ಇಲ್ಲಿ ಸುಣ್ಣ ಬಳಿಯುವ ಖರ್ಚಿಲ್ಲ, ಇಲಿ ಕಾಟವಿಲ್ಲ, ಸೋರುವ ಸೂರಿಲ್ಲ. ಮಧ್ಯಾಹ್ನದೊಳಗೆ ಹರಾಜು ಶುರುವಾಯಿತು. ಮೊದಲ ಸಾವಿರ ನಂಬರುಗಳಲ್ಲಿ ಕೂರಲು ಯಂತ್ರದ ಯಜಮಾನನ ಅಪ್ಪಣೆ ಬೇಕೆಂದು ತಿಳಿದದ್ದೇ ತಡ, ಆ ಸಾಲು ಪದಾಧಿಕಾರಿಗಳಿಗೆ ಮೀಸಲಾಯಿತು. ಸೊನ್ನೆಯಲ್ಲಿ ಮುಗಿಯುವ ನಂಬರುಗಳಿಗೆ ಮೂಲೆ ಮಳಿಗೆಯ ದರ ನಿಗದಿಯಾಯಿತು. ಅಕ್ಕಿ ವ್ಯಾಪಾರಿ ತನ್ನ ನಂಬರಿನ ಎಡಬಲವನ್ನೂ ಹೆಂಡತಿಯ ಹೆಸರಿನಲ್ಲಿ ಹಿಡಿದ, ಮುಂದೆ ಗೋಡೆ ಒಡೆಯಲು ಅನುಕೂಲವಾಗಲೆಂದು. ನಾನು ಬಾಯಿಬಿಟ್ಟು ತೋರಿಸಿದ 8081 ನನ್ನ ಕಣ್ಣೆದುರೇ ಎದುರು ಸಾಲಿನವನ ಪಾಲಾಯಿತು. ವ್ಯಾಪಾರದಲ್ಲಿ ಬಾಯಿಬಿಟ್ಟವನು ಕೆಟ್ಟ. ನಾನು ಸುಮ್ಮನೆ 9000 ಹಿಡಿದೆ. ಎದುರು ಪಾರ್ಟಿಯಾದ ಇಂಜಿನಿಯರಮ್ಮನೂ ತಾಯಿಯ ಹೆಸರಿನಲ್ಲಿ ಎರಡು ಹಿಡಿದರು. ಓದಿದವರು, ದಡ್ಡರೇನಲ್ಲ.

ಬಾಗಿಲು ತೆರೆಯದ ಮಳಿಗೆಯನ್ನು ಸಂಘವು ಮುಟ್ಟುಗೋಲು ಹಾಕಿಕೊಳ್ಳುವುದೆಂದು ಕಾರ್ಯದರ್ಶಿಗಳು ಸಾರಿದರು. ಆಗ ಪ್ರತಿಯೊಬ್ಬರೂ ತಂತಮ್ಮ ನಂಬರಿನಲ್ಲಿ ಒಂದೊಂದು ಜಾವಾ ಸರ್ವರ್ ಓಡಿಸಲೇಬೇಕೆಂದು ಹಟ ಹಿಡಿದರು. ಮಾರುವುದಕ್ಕೆ ಏನೂ ಬೇಡ, ಬಾಗಿಲು ತೆರೆದಿರಬೇಕು ಅಷ್ಟೆ. ಇಂಜಿನಿಯರಮ್ಮ ಓಡಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಯಂತ್ರ ಏದುಸಿರು ಬಿಡತೊಡಗಿತು.

“ಮೆಮೊರಿ ತುಂಬಿಹೋಯ್ತು,” ಎಂದರು. “ಜಾವಾ ತನ್ನ ಕಸ ತಾನೇ ಗುಡಿಸ್ಕೊಳ್ಳುತ್ತೆ. ಈಗ ಇಷ್ಟೂ ಸರ್ವರ್‌ಗಳು ಬರೀ ಗುಡಿಸ್ತಾ ಕೂತಿವೆ, ಬೇರೆ ಕೆಲಸ ಮಾಡ್ತಿಲ್ಲ.”

ಅಧ್ಯಕ್ಷರ ಕಣ್ಣು ತೇವವಾಯಿತು. ಮಾರುಕಟ್ಟೆಯ ಇತಿಹಾಸದಲ್ಲಿ ಯಾರೂ ತಮ್ಮ ಮಳಿಗೆಯ ಮುಂದೆ ತಾವೇ ಗುಡಿಸಿದ ದಾಖಲೆಯಿಲ್ಲ. ಯಂತ್ರಕ್ಕೆ ಸ್ವಚ್ಛತಾ ಪ್ರಶಸ್ತಿ ಘೋಷಿಸಲಾಯಿತು.

ಇಷ್ಟರಲ್ಲಿ ನನ್ನ ಡ್ರೈವರ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಯಜಮಾನ್ರೇ, ಲೋಡ್ ಇಳಿಸೋ ತೊಂದರೆ ಇಲ್ಲ. ಅದೇ ಇಳೀತಾ ಇದೆ.”

ಹೋಗಿ ನೋಡಿದೆ. ಲಾರಿಯ ಕೆಳಗೆ ಕೆಂಪು ಹೊಳೆ ಸಣ್ಣಗೆ ಹೊರಟಿತ್ತು. ಓಡಿ ಬಂದು ಚೀಟಿ ಕೇಳಿದೆ. ಆಗ ಒಂದು ಸಂಗತಿ ಬೆಳಕಿಗೆ ಬಂತು: ಚೀಟಿ ಮುದ್ರಿಸುವ ಪ್ರೋಗ್ರಾಮಿಗೇ ಜಾಗವಿರಲಿಲ್ಲ. ನಂಬರುಗಳು ಮೊಮ್ಮಕ್ಕಳ ಹೆಸರಿನವರೆಗೂ ಹಂಚಿಹೋಗಿದ್ದವು, ಮೆಮೊರಿ ಮುಗಿದಿತ್ತು. ಎಲ್ಲವನ್ನೂ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ ಎಂದು ಇಂಜಿನಿಯರಮ್ಮ ಹೇಳಿದರು. ಎಲ್ಲರನ್ನೂ ಒಂದೇ ಸಲ ಎಬ್ಬಿಸುವ ಈ ಸಲಹೆ ಕೇಳಿ ಅಕ್ಕಿ ವ್ಯಾಪಾರಿ ಯಂತ್ರಕ್ಕೆ ಅಡ್ಡ ನಿಂತ. ನನಗೆ ಟೊಮೇಟೊ ಚಿಂತೆಯಿತ್ತು, ನಿಜ. ಆದರೆ 9000 ಮೂಲೆ ಮಳಿಗೆ. ನಾನೂ ಅವನ ಪಕ್ಕದಲ್ಲಿ ನಿಂತೆ.

ಸಂಜೆ ದಾಟಿತು. ಎದುರು ಸಾಲಿನವನ ಲಾರಿಯೂ ನನ್ನದರ ಹಿಂದೆಯೇ ಸೋರುತ್ತಿದ್ದುದರಿಂದ ಗುತ್ತಿಗೆ ಅವನಿಗೂ ದಕ್ಕಲಿಲ್ಲ ಎಂಬುದೊಂದು ನೆಮ್ಮದಿ. ಟೊಮೇಟೊ ಪೂರ್ತಿ ಹರಿದುಹೋದ ಮೇಲೆ ಗೇಟಿನ ಕಾವಲುಗಾರ ಲಾರಿಯ ಹಿಂದಿನ ಹಲಗೆ ತೆಗೆಸಿ ಒಳಗೆ ಇಣುಕಿದ, ನಿರ್ಣಯವನ್ನು ಬೆರಳಿಟ್ಟು ಓದಿದ, ಸರಪಳಿ ಬಿಚ್ಚಿದ. ಸರಕು ಇಲ್ಲದ ಲಾರಿಗೆ ಚೀಟಿ ಬೇಕಿಲ್ಲ. ನನ್ನ ಲಾರಿ ಕಾನೂನುಬದ್ಧವಾಗಿ ಗೇಟು ದಾಟಿತು. ಸೇರಿದ್ದ ವರ್ತಕರೆಲ್ಲ ಚಪ್ಪಾಳೆ ತಟ್ಟಿದರು. ಕೊನೆಗೂ ಒಬ್ಬರು ದಾರಿ ಕಂಡುಹಿಡಿದರಲ್ಲ ಎಂದು ಅಧ್ಯಕ್ಷರು ಬೆನ್ನು ಸವರಿದರು.

ಈಗ ಎಲ್ಲ ಲಾರಿಗಳೂ ಇದೇ ಕ್ರಮದಲ್ಲಿ ಹೋಗುತ್ತಿವೆ. ಹಣ್ಣು ತರಕಾರಿಯವರದು ಬೇಗ ಮುಗಿಯುತ್ತದೆ. ಕಾಳಿನವರಿಗೆ ಇಲಿಗಳ ಸಹಕಾರ ಸಿಕ್ಕಿದೆ. ಕಬ್ಬಿಣದ ವ್ಯಾಪಾರಿಯೊಬ್ಬ ಮಾತ್ರ ತನ್ನ ಸರಳುಗಳು ಹಾಗೇ ಇವೆ, ತಾರತಮ್ಯವಾಗುತ್ತಿದೆ ಎಂದು ದೂರಿತ್ತ. ತುಕ್ಕು ಚುರುಕಾಗಲೆಂದು ದಿನಾ ಎರಡು ಹೊತ್ತು ಸಂಘದ ಖರ್ಚಿನಲ್ಲಿ ಅವನ ಲಾರಿಗೆ ನೀರು ಹೊಡೆಸಲಾಗುತ್ತಿದೆ.