ರೆಫ್ರಿ ಕೈ ಮಾಡುವ ತನಕ

ಮೈದಾನದ ಅಂಚಿಗೆ ಕೂತು ಯಾರಾದರೂ ಬಿದ್ದಾರೇನೋ ಎಂದು ಕಾಯುವುದು ನನ್ನ ಕೆಲಸ. ಆದರೆ ಆಟಗಾರರು ಬೀಳುವುದಕ್ಕಿಂತ ಹೆಚ್ಚು ಸಲ ನಾನೇ ಫಜೀತಿಗೆ ಬಿದ್ದಿದ್ದೇನೆ.

ಕಲ್ಯಾಣದ ಒಂದು ಕಾಲೇಜಿನ ಕಬಡ್ಡಿ ತಂಡಗಳಿಗೆ ನಾನು ಟ್ರೇನರ್. (ಬಸವಕಲ್ಯಾಣ ಎಂದು ಪೂರ್ತಿ ಬರೆಯುವವರು ನಮ್ಮಲ್ಲಿ ಬಸ್ಸಿನ ಬೋರ್ಡಿನವರು ಮಾತ್ರ.) ಟ್ರೇನರ್ ಎಂದರೆ ಆಟ ಕಲಿಸುವವಳಲ್ಲ. ಕಾಲು ಉಳುಕಿದರೆ ಐಸ್ ಇಡುವವಳು, ಪಟ್ಟಿ ಸುತ್ತುವವಳು, ಇವತ್ತು ಆಡು, ಇವತ್ತು ಬೇಡ ಎಂದು ಹೇಳಿ ಬೈಸಿಕೊಳ್ಳುವವಳು. ಊರಲ್ಲಿ ನನ್ನ ಹೆಸರು 'ಐಸ್ ಮೇಡಂ'. ಮದುವೆಗೆ ಹೋದರೂ ಯಾರಾದರೊಬ್ಬರು ಮೊಣಕಾಲು ಮುಂದೆ ಚಾಚುತ್ತಾರೆ.

ನನಗೆ ಈ ವಿದ್ಯೆ ಕೈಗೆ ಹತ್ತಿಸಿದವರು ನಮ್ಮ ದೊಡ್ಡ ಸರ್. ಕಾಲೇಜಿನ ಹಳೆಯ ದೈಹಿಕ ಶಿಕ್ಷಕರು. ಸುತ್ತಮುತ್ತಲಿನ ಉಳುಕಿದ ಕಾಲುಗಳಲ್ಲಿ ಅರ್ಧ ಅವರ ಕೈಯಲ್ಲೇ ನೆಟ್ಟಗಾಗಿವೆ. ಈ ವರ್ಷ ವಿಭಾಗ ಮಟ್ಟದ ಹೆಣ್ಣುಮಕ್ಕಳ ತಂಡದ ಜೊತೆ ಹೋಗಲು ಒಬ್ಬ ಟ್ರೇನರ್ ಹೆಸರನ್ನು ಅವರೇ ಬರೆದು ಕಳಿಸಬೇಕಿತ್ತು. ಆ ಹೆಸರು ನನ್ನದಾಗಬೇಕೆಂದು ನನಗೆ ಹುಚ್ಚು ಹಿಡಿಯುವಷ್ಟು ಆಸೆ. ಕೇಳಿದಾಗಲೆಲ್ಲ ಸರ್ ಹೇಳುತ್ತಿದ್ದದ್ದು ಒಂದೇ ಮಾತು.

"ತಂಗಿ, ನಿನಗ ಎಲ್ಲಾ ಬರ್ತದ. ಕೂಡಾಕ ಒಂದು ಬರಂಗಿಲ್ಲ."

ಸುಮ್ಮನೆ ಕೂರಲು ನನಗೆ ಬರುವುದಿಲ್ಲ ಎಂಬುದು ಸುಳ್ಳಲ್ಲ. ಪಂದ್ಯ ನಡೆಯುವಾಗ ರೆಫ್ರಿ ಕೈ ಮಾಡಿ ಕರೆಯುವ ತನಕ ಟ್ರೇನರ್ ಗೆರೆ ದಾಟುವಂತಿಲ್ಲ. ನಾನೋ ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು. ಕೂತಲ್ಲೇ ಮೊಣಕಾಲು ಕುಣಿಸುತ್ತೇನೆ. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುತ್ತೇನೆ.

ಒಂದು ತಾಸು

ಕೆಲಸಕ್ಕೆ ಸೇರಿದ ಮೊದಲ ವಾರ ಸರ್ ಮೈದಾನದ ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿದರು.

"ಒಂದು ತಾಸು ಇಲ್ಲೇ ಕೂಡು. ಏನೂ ಮಾಡಬ್ಯಾಡ. ಹುಡುಗರು ಹ್ಯಾಂಗ ಓಡ್ತಾರ, ಹ್ಯಾಂಗ ಬೀಳ್ತಾರ, ಬಿದ್ದ ಮ್ಯಾಲ ಯಾವ ಕಾಲು ಮೊದಲು ಊರ್ತಾರ, ನೋಡು ಅಷ್ಟ."

ಕೂತೆ. ಒಬ್ಬನ ಶೂ ಲೇಸು ಬಿಚ್ಚಿತ್ತು, ಹೇಳಲು ಎದ್ದೆ. ಒಬ್ಬ ಕೆಮ್ಮಿದ, ನೀರು ಕೊಡಲು ಎದ್ದೆ. ಒಬ್ಬ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ, ಸೊಂಟ ನೋವೇನೋ ಎಂದು ಓಡಿದೆ. ಅವನು ಸುಮ್ಮನೆ ನಿಂತಿದ್ದನಂತೆ. ಪಾಪ, ನಾನು ಬೆನ್ನು ಒತ್ತಿ ನೋಡಿದ ಮೇಲೆ ನಿಜವಾಗಿಯೂ ನೋವಾಯಿತು.

ನಾನು ಎದ್ದಾಗಲೆಲ್ಲ ಸರ್ ಮೈದಾನದಿಂದ ಒಂದು ಹರಳುಕಲ್ಲು ಆರಿಸಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಾನು ಅದನ್ನು ಗಮನಿಸಿರಲಿಲ್ಲ, ಗಮನಿಸಲು ಕೂತಿದ್ದರೆ ತಾನೆ? ತಾಸು ಮುಗಿದಾಗ ಅವರ ಎರಡೂ ಕಿಸೆ ಜೋತು ಬಿದ್ದಿದ್ದವು. ಎಲ್ಲ ಹರಳುಗಳನ್ನೂ ನನ್ನ ಕಾಲ ಬಳಿ ಸುರುವಿ, ಬಹಳ ಸಮಾಧಾನದಿಂದ ಹೇಳಿದರು.

"ಛಲೋ ಆತು ತಂಗಿ. ಇಷ್ಟು ವರ್ಷ ಕೂಲಿ ಹಚ್ಚಿದ್ರೂ ಈ ಅಂಗಳ ಇಷ್ಟು ಸ್ವಚ್ಛ ಆಗಿದ್ದಿಲ್ಲ. ನಾಳಿನೂ ಬಾ, ಆ ಕಡಿ ಅರ್ಧ ಇನ್ನಾ ಉಳದದ."

ಮೋರಖಂಡಿಯ ಹಿಡಿತ

ಮೋರಖಂಡಿಯಲ್ಲಿ ನಮ್ಮ ಹುಡುಗರ ಪಂದ್ಯ. ಸರ್‌ಗೆ ಜ್ವರ, ಹಾಗಾಗಿ ನಾನೊಬ್ಬಳೇ ಹೋಗಿದ್ದೆ. ನಮ್ಮ ರೇಡರ್ ಎದುರಾಳಿ ಅಂಕಣಕ್ಕೆ ಹೋಗಿ ಇಬ್ಬರನ್ನು ಮುಟ್ಟಿ ತಿರುಗಿದ. ಅಷ್ಟರಲ್ಲಿ ಬೇರೆ ನಾಲ್ಕು ಜನ ಅವನ ಮೇಲೆ ಬಿದ್ದರು. ಧೂಳೋ ಧೂಳು. ಧೂಳು ಇಳಿದಾಗ ಕಂಡದ್ದು, ರಾಶಿಯ ಕೆಳಗೆ ನಮ್ಮವನು ಬೋರಲು ಬಿದ್ದಿದ್ದಾನೆ, ಒಂದು ಕೈ ಮುಂದೆ ಚಾಚಿ ನಡುಗುತ್ತಿದೆ, ಒಂದು ಕಾಲು ಹಿಂದೆ ಸೊಟ್ಟಗೆ ಹೊರಳಿದೆ.

ರೆಫ್ರಿಯೂ ಇಲ್ಲ, ಗೆರೆಯೂ ಇಲ್ಲ, ಬ್ಯಾಗು ಹಿಡಿದು ನುಗ್ಗಿದೆ. ಹೋದವಳೇ ಕಾಲು ಅಲುಗದಂತೆ ಅವನ ಪಾದವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಮುರಿದ ಕಾಲನ್ನು ಮೊದಲು ಅಲುಗದಂತೆ ಹಿಡಿಯಬೇಕು, ಅದೇ ಪಾಠ.

ಕಾಲು ಮುರಿದಿರಲಿಲ್ಲ. ನಡುಗುತ್ತಿದ್ದ ಕೈ ನೋವಿಗೆ ನಡುಗುತ್ತಿರಲಿಲ್ಲ, ನಡುಗೆರೆ ಮುಟ್ಟಲು ತೆವಳುತ್ತಿತ್ತು. ಗೆರೆ ಮುಟ್ಟಿದ್ದರೆ ನಮಗೆ ಒಮ್ಮೆಲೇ ಆರು ಅಂಕ. ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು ಉಳಿದಿತ್ತು. ಅವನನ್ನು ನಾಲ್ಕು ಜನರಿಗೆ ತಡೆಯಲು ಆಗಿರಲಿಲ್ಲ, ನಾನು ತಡೆದೆ.

"ಬಿಡ್ರೀ ಅಕ್ಕಾ! ಅಕ್ಕಾ ಬಿಡ್ರೀ!" ಎಂದು ಅವನು ಕೂಗುವಷ್ಟರಲ್ಲಿ ಹಿಡಿದ ಉಸಿರು ಬಿಟ್ಟುಹೋಯಿತು. ಕಬಡ್ಡಿ ಎನ್ನುವುದು ನಿಂತಿತು. ರೆಫ್ರಿಗಳು ಮೂರು ಜನ ಗುಂಪು ಕೂಡಿ ಬಹಳ ಹೊತ್ತು ಮಾತಾಡಿದರು. ಟ್ರೇನರೇ ತನ್ನ ರೇಡರನ್ನು ಹಿಡಿದರೆ ಅಂಕ ಯಾರಿಗೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಕೊನೆಗೆ ಆ ರೇಡನ್ನೇ ರದ್ದು ಮಾಡಿದರು.

ನಾನು ತಲೆ ತಗ್ಗಿಸಿಕೊಂಡು ಹೊರಟಾಗ ಎದುರಾಳಿ ಕ್ಯಾಪ್ಟನ್ ಮೈಮೇಲಿನ ಮಣ್ಣು ಕೊಡವುತ್ತ ಹತ್ತಿರ ಬಂದ. ಬಹಳ ಮರ್ಯಾದೆಯಿಂದ ಕೇಳಿದ.

"ಅಕ್ಕಾರ, ಮುಂದಿನ ಸಲ ನಮ್ಮ ತಂಡಕ್ಕ ಬರ್ತೀರೇನ್ರಿ? ನಮಗ ಕಾಲು ಹಿಡಿಯೋವ್ರು ಕಡಿಮಿ ಅದಾರ."

ಕೊಹಿನೂರಿನ ಅಜ್ಜಿ

ಕೊಹಿನೂರಿನ ಒಬ್ಬ ಹುಡುಗಿ ನಮ್ಮ ತಂಡದಲ್ಲಿ ಆಡುತ್ತಾಳೆ. ಅಭ್ಯಾಸದಲ್ಲಿ ಅವಳ ಪಾದ ಉಳುಕಿತು. ಐಸ್ ಡಬ್ಬಿ ಹಿಡಿದುಕೊಂಡು ನಾನು ಮತ್ತು ಸರ್ ಅವಳನ್ನು ಮನೆಗೆ ಕರೆದೊಯ್ದರೆ ಬಾಗಿಲಲ್ಲೇ ಅವಳ ಅಜ್ಜಿ. ಕೈಯಲ್ಲಿ ಹಂಚಿನ ಮೇಲೆ ಹುರಿದ ಉಪ್ಪಿನ ಗಂಟು, ಹೊಗೆಯಾಡುತ್ತಿತ್ತು.

"ಯಾರವ್ವಾ ನೀ? ಉಳುಕಿದ ಕಾಲಿಗೆ ಬರ್ಫ್ ಇಡ್ತಾರೇನು? ಕಾಲೇನು ಕುಲ್ಫಿ ಏನು?"

ನಾನು ಹೆಜ್ಜೆ ಮುಂದಿಟ್ಟು, ಊತದ ಬಗ್ಗೆ, ರಕ್ತನಾಳದ ಬಗ್ಗೆ, ಕೋರ್ಸಿನಲ್ಲಿ ಓದಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅಜ್ಜಿ ಉಪ್ಪಿನ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು, ಅಷ್ಟೆ. ಸರ್ ನಡುವೆ ಬಂದರು.

"ಅಜ್ಜಿ, ಮೊದಲ ಎರಡು ದಿನ ಕಾಲು ಈಕಿದು. ಮೂರನೇ ದಿನ ಊತ ಇಳಿತದ, ಆವಾಗಿಂದ ಕಾವು ಕೊಡೋದು ನಿಮ್ಮದು. ಒಪ್ಪಿಗಿ ಅದ ಏನು?"

ಅಜ್ಜಿ ಒಪ್ಪಿದಳು. ಎರಡು ದಿನ ನಾನು ಐಸ್ ಇಡುವಾಗೆಲ್ಲ ಗೋಡೆಗೆ ಒರಗಿ ಕೂತು ನೋಡಿದಳು. ಒಮ್ಮೆಯೂ ಏಳಲಿಲ್ಲ. ನನಗೋ ಆ ನೋಟದ ಮುಂದೆ ಕೈ ತಪ್ಪಿ ಎರಡು ಸಲ ಐಸ್ ನೆಲಕ್ಕೆ ಬಿತ್ತು. ಮೂರನೇ ದಿನ ನಾನು ಮತ್ತು ಸರ್ ಬಸ್ಸಿಳಿದು ಹೋಗುವಷ್ಟರಲ್ಲಿ ಹುಡುಗಿಯ ಪಕ್ಕದಲ್ಲಿದ್ದ ನನ್ನ ಮಣೆಯ ಮೇಲೆ ಅಜ್ಜಿ ಕೂತಿದ್ದಳು.

"ಎರಡು ದಿನ ಮುಗದಾವ. ನೀ ಆ ಕಡಿ ಕೂಡು. ಈಗ ನನ್ನ ಡ್ಯೂಟಿ."

ಸರ್ ನನ್ನ ಕಡೆ ತಿರುಗಿದರು. "ನೋಡಿದೀ? ಎರಡು ದಿನ ಕೈ ಕಟ್ಟಿಕೊಂಡು ಕೂತಳು. ನಾ ಹೆಸರು ಬರದು ಕಳಸೋದಾದ್ರ ಈಕಿದ ಕಳಸ್ತೀನಿ."

ನನಗೆ ಅಳುವೇ ಬಂತು. ಅಜ್ಜಿ ಉಪ್ಪಿನ ಗಂಟು ಒತ್ತುತ್ತಲೇ ಕೇಳಿದಳು, "ಹೋಗಾಕೇನು, ಹೋಗ್ತೀನಿ. ಅಲ್ಲಿ ಊಟದ ಬಂದೋಬಸ್ತ್ ಹ್ಯಾಂಗ ಅದ?"

ರಾಜೇಶ್ವರದ ಕೆಂಪು ಐಸ್

ಹುಮನಾಬಾದ್ ತಂಡದ ಟ್ರೇನರ್ ಒಬ್ಬರು ಭಾಯಿ ಇದ್ದಾರೆ. ಹುಮನಾಬಾದಿಗೂ ಕಲ್ಯಾಣಕ್ಕೂ ಕಬಡ್ಡಿಯಲ್ಲಿ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಟ್ರೇನರುಗಳ ನಡುವೆ ಬೇರೆಯೇ ರಿವಾಜು. ಇಬ್ಬರಿಗೂ ಒಂದೇ ಬೆಂಚು, ಒಂದೇ ಐಸ್ ಡಬ್ಬಿ, ಒಬ್ಬರ ಪಟ್ಟಿ ಮುಗಿದರೆ ಇನ್ನೊಬ್ಬರದು. ಇದನ್ನು ಶುರು ಮಾಡಿದವರು ದೊಡ್ಡ ಸರ್. ಭಾಯಿಯೂ ಅವರ ಶಿಷ್ಯರೇ.

ರಾಜೇಶ್ವರದಲ್ಲಿ ಪಂದ್ಯ, ಸುಡುವ ಬಿಸಿಲು. ಮಧ್ಯಾಹ್ನಕ್ಕೇ ಡಬ್ಬಿಯಲ್ಲಿ ಬರೀ ನೀರು. ಅದೇ ಹೊತ್ತಿಗೆ ಭಾಯಿಯ ಆಟಗಾರನೊಬ್ಬ ಮೊಣಕಾಲು ಹಿಡಿದುಕೊಂಡು ಹೊರಗೆ ಬಂದ. ಮೈದಾನದ ಪಕ್ಕದಲ್ಲೇ ಐಸ್ ಗೋಲಾ ಮಾರುವವನ ಗಾಡಿ ಇತ್ತು. ನಾನು ಓಡಿದೆ. ಅವನು "ತಡೀರಿ ಬಾಯಾರ, ಬ್ಯಾರೆ ತೆಗದು ಕೊಡ್ತೀನಿ" ಎನ್ನುತ್ತಲೇ ಇದ್ದ. ತಡೆಯುವವಳು ಯಾರು? ಕೈಗೆ ಸಿಕ್ಕ ಐಸನ್ನು ಬಟ್ಟೆಗೆ ಸುರಿದುಕೊಂಡು ಬಂದು ಮೊಣಕಾಲಿಗೆ ಕಟ್ಟಿದೆ.

ಅದಕ್ಕೆ ಅವನು ಆಗಲೇ ಕೆಂಪು ಶರಬತ್ತು ಹಾಕಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಮೊಣಕಾಲಿನಿಂದ ಪಾದದ ತನಕ ಕೆಂಪು ಧಾರೆ. ನೋಡಲು ಬಂದಿದ್ದ ಆಟಗಾರನ ತಂದೆ "ಯಪ್ಪಾ, ರಕ್ತ!" ಎಂದು ಅಲ್ಲೇ ಕುಸಿದು ಕೂತರು. ಭಾಯಿ ಅವರಿಗೆ ನೀರು ಚಿಮುಕಿಸಲು ಓಡಿದರು. "ರಕ್ತ ಅಲ್ಲರಿ ಕಾಕಾ, ರಕ್ತ ಅಲ್ಲ" ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅವರಿಗೆ ನಂಬಿಕೆ ಹುಟ್ಟಲಿ ಎಂದು, ಅವರ ಕಣ್ಣೆದುರಿಗೇ ಮಗನ ಕಾಲಿನಿಂದ ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ.

ಕುಸಿದು ಕೂತಿದ್ದವರು ಪೂರ್ತಿ ಮಲಗಿಬಿಟ್ಟರು. ಗೆರೆಯ ಬಳಿ ನಿಂತಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿಂದೆ ಸರಿದರು.

ಭಾಯಿ ಆ ತಂದೆಯ ಕಾಲು ಎತ್ತಿ ಹಿಡಿದುಕೊಂಡೇ ನನ್ನನ್ನು ನೋಡಿದರು. "ಮೇಡಂ, ಐಸ್ ನಮ್ಮಿಬ್ಬರದು ಖರೇ. ಪೇಶಂಟ್ ನಿಮಗ ಕಮ್ಮಿ ಬಿದ್ದಾರಂತ ನನಗ ಗೊತ್ತಿದ್ದಿಲ್ಲ."

ಹುಮನಾಬಾದಿನ ಫೈನಲ್

ಹೆಸರು ಕಳಿಸುವ ವಾರವೇ ಹುಮನಾಬಾದಿನಲ್ಲಿ ಹೆಣ್ಣುಮಕ್ಕಳ ಫೈನಲ್. ಅವರದೇ ಊರು, ಅವರದೇ ತಂಡ ನಮಗೆದುರು. ಸರ್ ಬ್ಯಾಗನ್ನು ನನ್ನ ಕೊರಳಿಗೆ ಹಾಕಿದರು.

"ಇವತ್ತು ನಾ ಬರೇ ನೋಡಾಕ ಬಂದೀನಿ. ಎಲ್ಲಾ ನಿಂದ." ಹೋಗಿ ಮೊದಲ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಭಾಯಿ. ನನ್ನ ಮೊಣಕಾಲು ಕುಣಿದು ಕುಣಿದು ಅವರ ಚಹಾ ಚೆಲ್ಲಿತು. ಅಂಕಗಳು ಬೆನ್ನಿಗೆ ಬೆನ್ನು ಹತ್ತಿದ್ದವು. ಕೊನೆಯ ಎರಡು ನಿಮಿಷ ಇದ್ದಾಗ ನಮ್ಮ ಕ್ಯಾಪ್ಟನ್ "ಅಯ್ಯೋ ಯವ್ವಾ!" ಎಂದು ಕಿರುಚಿ, ಎಡಗಾಲು ಹಿಡಿದುಕೊಂಡು ಮ್ಯಾಟಿನ ಮೇಲೆ ಹೊರಳಾಡಿದಳು.

ಅರ್ಧ ಎದ್ದೆ. ಎದ್ದವಳ ಕಣ್ಣಿಗೆ ಒಂದು ಬಿತ್ತು. ಅವಳು ಬಿದ್ದಾಗ ಭಾರ ಹಾಕಿದ್ದು ಬಲಗಾಲಿನ ಮೇಲೆ, ಹಿಡಿದುಕೊಂಡದ್ದು ಎಡಗಾಲು. ಆ ಬರಿಗಾಲಿನ ಬೆರಳುಗಳು ಆರಾಮವಾಗಿ ಆಡುತ್ತಿವೆ. ಹೊರಳುವಾಗ ಒಂದು ಕಣ್ಣು ಗಡಿಯಾರದ ಕಡೆ. ಉಸಿರು ತೆಗೆದುಕೊಳ್ಳಲು ಹೂಡಿದ ನಾಟಕ ಅದು. ನಾನು ಮತ್ತೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಅಷ್ಟರಲ್ಲಿ ಹಿಂದೆ ಕುರ್ಚಿ ಬಿದ್ದ ಸದ್ದು.

"ಏನಾತವ್ವಾ! ಅಲುಗಬ್ಯಾಡ! ಬಂದೆ, ಬಂದೆ!"

ದೊಡ್ಡ ಸರ್ ಬೆಂಚು ಜಿಗಿದು, ಗೆರೆ ದಾಟಿ, ಕೈ ಅಡ್ಡ ಹಿಡಿದ ರೆಫ್ರಿಯನ್ನೂ ದಾಟಿ ಓಡಿದರು. ಮ್ಯಾಟಿನ ಅಂಚಿಗೆ ಕಾಲು ಸಿಕ್ಕಿ ಧೊಪ್ಪೆಂದು ಬಿದ್ದರು. ಜನ ಒಮ್ಮೆಲೇ ಎದ್ದು ನಿಂತರು. ಎಲ್ಲರಿಗಿಂತ ಮೊದಲು ಅವರ ಬಳಿ ಓಡಿ ಬಂದವಳು ಯಾರೆಂದರೆ, ನಡೆಯಲಾರದೆ ಹೊರಳುತ್ತಿದ್ದ ನಮ್ಮ ಕ್ಯಾಪ್ಟನ್.

ರೆಫ್ರಿ ಸೀಟಿ ಊದಿ, ನನ್ನ ಕಡೆ ನೋಡಿ ಕೈ ಮಾಡಿದ. ಆಗ ಎದ್ದು ಹೋದೆ. ಸರ್ ಪಾದ ಚೆನ್ನಾಗಿಯೇ ಉಳುಕಿತ್ತು. ಅಂಥ ಮಾತು ಕೇಳದ ಪೇಶಂಟನ್ನು ನಾನು ನೋಡಿಲ್ಲ. ಪಟ್ಟಿ ಹಂಗಲ್ಲ, ಐಸ್ ಇಲ್ಲಿ ಅಲ್ಲ, ಆ ಹುಡುಗಿನ್ನ ಮೊದಲು ನೋಡು ಎಂದು ಏಳಲು ಹೋಗುತ್ತಿದ್ದರು. ಕೊನೆಗೆ ಭಾಯಿ ಅವರ ಹೆಗಲು ಒತ್ತಿ ಹಿಡಿದರು, ನಾನು ಸುತ್ತಿದೆ.

ಪಂದ್ಯ ಒಂದು ಅಂಕದಿಂದ ಹೋಯಿತು. ವಾಪಸ್ ಬಸ್ಸಿನಲ್ಲಿ ಸರ್ ಎದುರು ಸೀಟಿನ ಮೇಲೆ ಕಾಲಿಟ್ಟುಕೊಂಡು ಕಲ್ಯಾಣ ಬರುವ ತನಕ ಕಿಟಕಿಯನ್ನೇ ನೋಡಿದರು. ಅವರು ಬಿದ್ದಾಗಲೂ ನಾನು ಬೆಂಚಿನ ಮೇಲೇ ಕೂತಿದ್ದೆ, ಕಲ್ಲೆದೆಯವಳು ಎಂದುಕೊಂಡಿರಬೇಕು ಅನಿಸಿತು. ಮೂರು ದಿನ ಅನ್ನ ಸೇರಲಿಲ್ಲ, ಮನೆಯ ಅಂಗಳವನ್ನು ಅಳೆದೇ ಅಳೆದೆ.

ನಾಲ್ಕನೇ ದಿನ ಪಟ್ಟಿ ಬದಲಿಸಲು ಅವರ ಕೋಣೆಗೆ ಹೋದೆ. ಸ್ಟೂಲಿನ ಮೇಲಿದ್ದ ಪಾದ ನನ್ನ ಕೈಯಲ್ಲಿತ್ತು, ಆಗ ಫೋನ್ ಬಂತು. ಸರ್‌ಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಚ್ಚಿಯೇ ಮಾತಾಡುವುದು. ಆ ಕಡೆಯಿಂದ ಆಯ್ಕೆ ಸಮಿತಿಯ ಗುಮಾಸ್ತ.

"ಸರ್, ನಿಮ್ಮ ಫಾರಂ ಮುಟ್ಯಾದ್ರಿ. ಮೇಡಂ ಅವರ ಹೆಸರು ಬರದೀರಿ, ಸರಿ ಅದ. ಆದ್ರ ವಿಶೇಷ ಅರ್ಹತೆ ಅಂತ ಇದ್ದಲ್ಲಿ 'ಸುಮ್ಮನೆ ಕೂಡುತ್ತಾರೆ' ಅಂತ ಬರದೀರಿ. ಸಾಹೇಬ್ರು ಕೇಳಾಕತ್ತಾರ, ಇದು ಶಿಫಾರಸೇನ್ರಿ, ಕಂಪ್ಲೇಂಟೇನ್ರಿ?"

ಸರ್ ಒಮ್ಮೆ ತಮ್ಮ ಊದಿದ ಪಾದ ನೋಡಿಕೊಂಡರು.

"ಶಿಫಾರಸರಿ. ಮೂವತ್ತು ವರ್ಷದಿಂದ ಮಂದಿಗೆ ಕಲಸಾಕತ್ತೇನಿ, ನನಗ ಇನ್ನಾ ಬಂದಿಲ್ಲ."